ಮಕ್ಕಳ ಗುಂಗುರು ಕೂದಲು: ಹಾನಿಯ ನಂತರದ ಆರೈಕೆ

ಬಿಗಿಯಾಗಿ ಸುರುಳಿ ಸುತ್ತಿಕೊಂಡು ಬೆಳೆಯುವ ಮಗುವಿನ ಕೂದಲು ಒರಟು ಬಾಚಣಿಕೆ, ಬಿಗಿ ಜಡೆ, ಶಾಖ ಅಥವಾ ರಾಸಾಯನಿಕಗಳಿಂದ ಕೆಟ್ಟು ತುಂಡಾಗತೊಡಗಿದಾಗ, ಅದನ್ನು ನೆಟ್ಟಗೆ ಮಾಡಲು ಹೋಗದೆ ಸಹಜ ರೂಪದಲ್ಲೇ ಮತ್ತೆ ಬೆಳೆಸುವ ಕ್ರಮ ಇಲ್ಲಿನ ವಿಷಯ. ಇಂಥ ಕೂದಲು ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕದ ಜನರಲ್ಲೂ ಅಮೆರಿಕ, ಕೆರಿಬಿಯನ್ ದ್ವೀಪಗಳು, ಬ್ರೆಜಿಲ್, ಬ್ರಿಟನ್ ಮೊದಲಾದೆಡೆ ನೆಲೆಸಿರುವ ಆಫ್ರಿಕ ಮೂಲದವರಲ್ಲೂ ಹೆಚ್ಚಾಗಿ ಕಂಡುಬರುತ್ತದೆ. ಕರ್ನಾಟಕದ ಉತ್ತರ ಕನ್ನಡ ಜಿಲ್ಲೆಯಲ್ಲಿರುವ ಸಿದ್ದಿ ಸಮುದಾಯದ ಅನೇಕ ಮಕ್ಕಳದ್ದೂ ಇದೇ ಬಗೆಯ ಕೂದಲು.

ತುಂಡಾದ ಕೂದಲೆಳೆ ಮತ್ತೆ ಕೂಡುವುದಿಲ್ಲ ಎಂಬುದನ್ನು ಮೊದಲೇ ತಿಳಿದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ನೆತ್ತಿಯಿಂದ ಹೊರಬಂದ ಕೂದಲಿಗೆ ಜೀವವಿಲ್ಲ. ಗಾಯ ಮಾಯುವಂತೆ ಅದು ಮಾಯುವುದಿಲ್ಲ. ಯಾವ ಎಣ್ಣೆಯಾಗಲಿ ಕ್ರೀಮಾಗಲಿ ಕೆಟ್ಟ ಎಳೆಯನ್ನು ಮೊದಲಿನಂತೆ ಮಾಡಲಾರದು, ಹೆಚ್ಚೆಂದರೆ ಅದರ ಮೇಲ್ಮೈಯನ್ನು ಕೆಲಕಾಲ ನಯಗೊಳಿಸೀತು. ಆದ್ದರಿಂದ ಆರೈಕೆ ಎಂದರೆ ಹೊಸದಾಗಿ ಹುಟ್ಟುವ ಕೂದಲನ್ನು ಕಾಪಾಡುತ್ತ, ಹಳೆಯ ಕೆಟ್ಟ ಭಾಗವನ್ನು ಕ್ರಮೇಣ ಕತ್ತರಿಸಿ ತೆಗೆಯುವುದು. ಇದಕ್ಕೆ ಬೇಕಾದದ್ದು ದುಬಾರಿ ಸಾಮಗ್ರಿಗಿಂತ ಹೆಚ್ಚಾಗಿ ಹಗುರ ಕೈ ಮತ್ತು ಒಂದೆರಡು ವರ್ಷದ ತಾಳ್ಮೆ.

ರಚನೆ

ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದಾದದ್ದು. ಮೀನಿನ ಹುರುಪೆಗಳಂತೆ ಒಂದರ ಮೇಲೊಂದು ಕೂತ ತೆಳು ಹೊರಪದರ, ಅದರೊಳಗೆ ಕೂದಲಿಗೆ ಬಲವನ್ನೂ ಬಣ್ಣವನ್ನೂ ಕೊಡುವ ಮಧ್ಯಪದರ, ಇವೆರಡೇ ಮುಖ್ಯ. ನೆಟ್ಟಗಿನ ಕೂದಲಿನ ಅಡ್ಡಕೊಯ್ತ ಬಹುಮಟ್ಟಿಗೆ ದುಂಡಗಿದ್ದರೆ ಬಿಗಿ ಗುಂಗುರು ಕೂದಲಿನದು ಚಪ್ಪಟೆಯಾದ ಅಂಡಾಕಾರ. ಅದು ಹುಟ್ಟುವ ರೋಮಕೂಪವೇ ಬಾಗಿರುವುದರಿಂದ ಎಳೆ ಸುತ್ತಿಕೊಂಡೇ ಹೊರಬರುತ್ತದೆ. ಒಂದೊಂದು ತಿರುವಿನಲ್ಲೂ ಎಳೆಯ ಮೇಲೆ ಒತ್ತಡ ಬೀಳುತ್ತದೆ, ಹೊರಪದರ ಅಲ್ಲಿಯೇ ಮೊದಲು ಎದ್ದು ಸವೆಯುತ್ತದೆ. ನೋಡುವವರಿಗೆ ಇಂಥ ಕೂದಲು ದಟ್ಟವಾಗಿ, ಗಟ್ಟಿಯಾಗಿ ಕಾಣುತ್ತದೆ. ವಾಸ್ತವದಲ್ಲಿ ಎಲ್ಲ ಬಗೆಯ ಕೂದಲುಗಳಲ್ಲಿ ಎಳೆದರೆ ಬೇಗ ತುಂಡಾಗುವುದು ಇದೇ. ಗಟ್ಟಿ ಕೂದಲೆಂದು ಭಾವಿಸಿ ಬಲ ಹಾಕಿ ಬಾಚುವುದರಿಂದಲೇ ಅನೇಕ ಮಕ್ಕಳ ತಲೆಯಲ್ಲಿ ಹಾನಿ ಮೊದಲಾಗುತ್ತದೆ.

ನೆತ್ತಿಯಲ್ಲಿ ಒಸರುವ ಜಿಡ್ಡು ನೆಟ್ಟಗಿನ ಕೂದಲಿನಲ್ಲಿ ತುದಿಯವರೆಗೂ ಇಳಿಯುತ್ತದೆ. ಸುರುಳಿಗಳನ್ನು ದಾಟಿ ಇಳಿಯುವುದು ಅದಕ್ಕೆ ಕಷ್ಟ; ಹಾಗಾಗಿ ಗುಂಗುರು ಕೂದಲಿನ ಬುಡದಲ್ಲಿ ಪಸೆ ಇದ್ದರೂ ತುದಿ ಒಣಗಿರುತ್ತದೆ. ಅಕ್ಕಪಕ್ಕದ ಸುರುಳಿಗಳು ಒಂದಕ್ಕೊಂದು ತೊಡರಿ ಸಿಕ್ಕಾಗುತ್ತವೆ. ಒಂದೇ ಎಳೆ ತನಗೆ ತಾನೇ ಗಂಟು ಹಾಕಿಕೊಳ್ಳುವುದೂ ಉಂಟು. ಇಂಥ ಗಂಟು ಬೆರಳಿಗೆ ಸಾಸಿವೆಗಿಂತ ಸಣ್ಣ ಕಾಳಿನಂತೆ ಸಿಗುತ್ತದೆ. ಅದನ್ನು ಬಿಡಿಸಲು ಹೋದರೆ ಎಳೆಯೇ ಹರಿಯುತ್ತದೆ, ಚೂಪಾದ ಕತ್ತರಿಯಿಂದ ಗಂಟಿನ ಮೇಲಕ್ಕೆ ಕತ್ತರಿಸುವುದೇ ಲೇಸು.

ಮನುಷ್ಯರ ತಲೆಗೂದಲು ಸರಾಸರಿ ತಿಂಗಳಿಗೆ 1 ಸೆಂ.ಮೀ.ನಷ್ಟು ಬೆಳೆಯುತ್ತದೆ, ಬಿಗಿ ಗುಂಗುರು ಕೂದಲಿನ ವೇಗ ಅದಕ್ಕಿಂತ ತುಸು ಕಡಿಮೆ. ಒಣಗಿದಾಗ ಸುರುಳಿಗಳು ಒಳಕ್ಕೆ ಸೇದಿಕೊಳ್ಳುವುದರಿಂದ ಎಳೆದು ಹಿಡಿದಾಗ ಭುಜ ಮುಟ್ಟುವ ಕೂದಲು ಬಿಟ್ಟಾಗ ಕಿವಿಯ ಮೇಲೇ ನಿಂತೀತು. ನಮ್ಮ ಮಗುವಿನ ಕೂದಲು ಬೆಳೆಯುವುದೇ ಇಲ್ಲ ಎಂದು ತಾಯಂದಿರು ಕೊರಗುವುದು ಸಾಮಾನ್ಯ. ಬಹುತೇಕ ಮಕ್ಕಳಲ್ಲಿ ಬುಡದಲ್ಲಿ ಬೆಳವಣಿಗೆ ಸರಿಯಾಗಿಯೇ ಇರುತ್ತದೆ; ಬೆಳೆದಷ್ಟೇ ತುದಿಯಲ್ಲಿ ಮುರಿದು ಹೋಗುತ್ತಿರುತ್ತದೆ.

ಉದುರುವುದೋ, ತುಂಡಾಗುವುದೋ

ಆರೈಕೆ ಶುರುಮಾಡುವ ಮುನ್ನ ಇದನ್ನು ಗುರುತಿಸಬೇಕು. ಬಾಚಣಿಗೆಗೆ ಬಂದ ಕೂದಲನ್ನು ಬಿಳಿ ಬಟ್ಟೆಯ ಮೇಲಿಟ್ಟು ಬೆಳಕಿನಲ್ಲಿ ನೋಡಿದರೆ ಬುಡಸಮೇತ ಉದುರಿದ ಎಳೆಯ ಒಂದು ತುದಿಯಲ್ಲಿ ಬೆಳ್ಳಗಿನ ಸಣ್ಣ ಉಬ್ಬು ಕಾಣುತ್ತದೆ. ತುಂಡಾದ ಎಳೆಗೆ ಎರಡೂ ತುದಿಯಲ್ಲಿ ಏನೂ ಇರುವುದಿಲ್ಲ, ಉದ್ದವೂ ಒಂದೊಂದರದು ಒಂದೊಂದು ರೀತಿ. ದಿನವೂ ಒಂದಷ್ಟು ಕೂದಲು ಬುಡದಿಂದ ಉದುರುವುದು ಸಹಜ. ಜಡೆಯನ್ನು ಎರಡು ವಾರ ಬಿಚ್ಚದಿದ್ದರೆ ಆವರೆಗೆ ಉದುರಿದ್ದೆಲ್ಲ ಅದರಲ್ಲೇ ಸಿಕ್ಕಿಕೊಂಡಿದ್ದು, ಬಿಚ್ಚಿದಾಗ ಒಟ್ಟಿಗೆ ಕೈಗೆ ಬರುತ್ತದೆ. ಅದನ್ನು ಕಂಡು ಹೆದರಬೇಕಾಗಿಲ್ಲ. ದಿಂಬಿನ ಮೇಲೆ, ಅಂಗಿಯ ಕೊರಳಪಟ್ಟಿಯ ಮೇಲೆ ಚೂರುಚೂರಾದ ಕೂದಲು ಕಂಡರೆ ಅದು ತುಂಡಾಗುತ್ತಿರುವುದರ ಗುರುತು.

ನವಜಾತ ಶಿಶುವಿನ ಮೊದಲ ಕೂದಲು ಕೆಲವೇ ತಿಂಗಳಲ್ಲಿ ಉದುರುತ್ತದೆ. ಸದಾ ಅಂಗಾತ ಮಲಗುವುದರಿಂದ ಹಿಂದಲೆಯಲ್ಲಿ ಬೋಳು ಕಾಣುವುದೂ ಉಂಟು. ಇವು ಹಾನಿಯಲ್ಲ. ಸುರುಳಿಯ ನಿಜವಾದ ಸ್ವರೂಪ ನಿಲ್ಲಲು ಎರಡು ಮೂರು ವರ್ಷವಾದರೂ ಆಗಬಹುದು.

ಹಾನಿಯ ಮೂಲಗಳು

ಒಣ ಕೂದಲನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ಬುಡದಿಂದ ಕೆಳಕ್ಕೆ ಎಳೆಯುವುದು ಎಲ್ಲಕ್ಕಿಂತ ಸಾಮಾನ್ಯವಾದ ಕಾರಣ. ಹೀಗೆ ಎಳೆದಾಗ ಸಿಕ್ಕುಗಳೆಲ್ಲ ಕೆಳಕ್ಕೆ ಜಾರಿ ಒಂದೆಡೆ ಗುಡ್ಡೆಯಾಗುತ್ತವೆ, ಮುಂದಿನ ಎಳೆತಕ್ಕೆ ಕೂದಲು ಪಟಪಟನೆ ಹರಿಯುವ ಸದ್ದು ಕೇಳುತ್ತದೆ. ನೂಲಿನ ದಿಂಬಿನ ಉಜ್ಜಾಟ, ಈಜುಕೊಳದ ಕ್ಲೋರಿನ್, ಒರಟು ಟವೆಲ್ಲಿನಲ್ಲಿ ತಲೆ ತಿಕ್ಕುವುದು ಇವುಗಳ ಪಾಲೂ ಇದೆ.

ಬಿಗಿ ಜಡೆಯಿಂದಾಗುವ ಹಾನಿ ಇನ್ನೂ ಆಳದ್ದು, ಏಕೆಂದರೆ ಅದು ಎಳೆಯನ್ನಲ್ಲ, ಬೇರನ್ನೇ ತಟ್ಟುತ್ತದೆ. ಎಳೆತದಿಂದ ಹಣೆಯಂಚು ಮತ್ತು ಕಿವಿಯ ಪಕ್ಕದ ಕೂದಲು ಹೋಗುವುದನ್ನು 1907ರಲ್ಲಿ ಮೊದಲು ವರ್ಣಿಸಿದ್ದು ಆಫ್ರಿಕದಿಂದಲ್ಲ, ಗ್ರೀನ್‌ಲೆಂಡಿನಿಂದ. ಅಲ್ಲಿಯ ಹೆಣ್ಣುಮಕ್ಕಳು ಕೂದಲನ್ನು ನೆತ್ತಿಗೆ ಬಿಗಿದು ಕಟ್ಟುತ್ತಿದ್ದರು. ಇದು ಯಾವುದೋ ಒಂದು ಜನಾಂಗದ ದೋಷವಲ್ಲ, ಕಟ್ಟುವ ರೀತಿಯ ಫಲ. ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಚರ್ಮತಜ್ಞೆ ನೊನ್ಹ್ಲಾನ್ಹ್ಲಾ ಖುಮಾಲೊ ಮತ್ತು ಸಂಗಡಿಗರು ಶಾಲಾಮಕ್ಕಳನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಲಕಿಯರ ಪೈಕಿ ನೂರಕ್ಕೆ ಸುಮಾರು 17 ಮಂದಿಯಲ್ಲಿ ಈ ತೊಂದರೆ ಕಂಡುಬಂತು. ಆರೇಳು ವರ್ಷದವರಲ್ಲೂ ಅದು ಇತ್ತು, ತರಗತಿ ಏರಿದಂತೆ ಹೆಚ್ಚುತ್ತ ಹೋಗಿತ್ತು. ಜಡೆ ಹಾಕಿದ ದಿನ ಮಗುವಿಗೆ ನೆತ್ತಿ ನೋಯುವುದು, ಹುಬ್ಬು ಮೇಲಕ್ಕೆ ಸೆಳೆದಂತಾಗುವುದು, ಬೈತಲೆಯ ಅಂಚಿನಲ್ಲಿ ಸಣ್ಣ ಗುಳ್ಳೆಗಳೇಳುವುದು ಇವೆಲ್ಲ ಆರಂಭದ ಸೂಚನೆಗಳು. ಈ ಹಂತದಲ್ಲಿ ಜಡೆ ಸಡಿಲಿಸಿದರೆ ಕೂದಲು ಮತ್ತೆ ಬರುತ್ತದೆ. ವರ್ಷಗಟ್ಟಲೆ ಮುಂದುವರಿದರೆ ರೋಮಕೂಪ ಕಲೆಗಟ್ಟಿ ಮುಚ್ಚಿಹೋಗುತ್ತದೆ, ಆಮೇಲೆ ಬರುವುದಿಲ್ಲ. ಅಂದವಾಗಿ ಕಾಣಲಿ ಎಂದು ಜಡೆಯ ತುದಿಗೆ ಪೋಣಿಸುವ ಮಣಿಗಳ ಭಾರವನ್ನೂ ಕೃತಕ ಕೂದಲಿನ ಜೋಡಣೆಯನ್ನೂ ಇದೇ ಲೆಕ್ಕದಲ್ಲಿ ನೋಡಬೇಕು.

ಕೂದಲನ್ನು ಶಾಶ್ವತವಾಗಿ ನೆಟ್ಟಗೆ ಮಾಡುವ ರಿಲ್ಯಾಕ್ಸರ್‌ಗಳಲ್ಲಿ ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡಾ, ಅಥವಾ ಅದಕ್ಕೆ ಹತ್ತಿರದ ಕ್ಷಾರವಿರುತ್ತದೆ. ಕೆರಾಟಿನಿನ ಸರಪಳಿಗಳನ್ನು ಹಿಡಿದಿಡುವ ಗಂಧಕದ ಬಂಧಗಳನ್ನು ಇದು ಮುರಿಯುತ್ತದೆ. ಸುರುಳಿ ಸಡಿಲವಾಗುವುದು ಹೀಗೆ, ಎಳೆ ದುರ್ಬಲವಾಗುವುದೂ ಹೀಗೆಯೇ. ಲೇಪ ನೆತ್ತಿಗೆ ತಗುಲಿದರೆ ಸುಟ್ಟಗಾಯವಾಗುತ್ತದೆ. ‘ಸೌಮ್ಯ’ ಎಂಬ ಹೆಸರಿನಲ್ಲಿ ಮಕ್ಕಳಿಗೆಂದೇ ಮಾರುವ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬಳಸುತ್ತಾರೆ. ಅದರ ಕ್ಷಾರವೂ ಕಡಿಮೆಯದೇನಲ್ಲ. ಅದು ಕೂದಲನ್ನು ಇನ್ನಷ್ಟು ಒಣಗಿಸುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಸಂಶೋಧಕರು 33,497 ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿ 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಕೂದಲು ನೆಟ್ಟಗೆ ಮಾಡುವ ರಾಸಾಯನಿಕಗಳನ್ನು ಎಂದೂ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಅಂದಾಜು ಶೇ. 1.64, ಮೇಲಿಂದ ಮೇಲೆ ಬಳಸುವವರಲ್ಲಿ ಶೇ. 4.05. ಇದು ಸಂಬಂಧವನ್ನು ತೋರಿಸುವ ಅಧ್ಯಯನ, ಕಾರಣವನ್ನು ಸಾಬೀತುಪಡಿಸುವುದಲ್ಲ. ಆದರೂ ಮಗುವಿನ ತಲೆಗೆ ಇಂಥ ವಸ್ತು ಬೇಡ ಎನ್ನಲು ನೆತ್ತಿಯ ಸುಟ್ಟಗಾಯವೊಂದೇ ಸಾಕಾದ ಕಾರಣ.

ಕಾದ ಬಾಚಣಿಗೆ, ಇಸ್ತ್ರಿಯಂಥ ಸಾಧನಗಳು ಸುರುಳಿಯನ್ನು ತಾತ್ಕಾಲಿಕವಾಗಿ ಬಿಡಿಸುತ್ತವೆ. ಒದ್ದೆ ಕೂದಲಿಗೆ ಹಿಡಿದರೆ ಎಳೆಯೊಳಗಿನ ನೀರು ಕುದಿದು ಗುಳ್ಳೆಯೆದ್ದು ಅಲ್ಲೇ ಮುರಿಯುತ್ತದೆ. ಪದೇ ಪದೇ ಕಾಯಿಸಿದ ಕೂದಲು ತೊಯ್ದರೂ ಸುರುಳಿಗೆ ಮರಳುವುದಿಲ್ಲ.

ಚರಿತ್ರೆಯ ಭಾರ

ಗುಲಾಮಗಿರಿಯ ಕಾಲದಿಂದ ಅಮೆರಿಕದಲ್ಲಿ ನೆಟ್ಟಗಿನ ಕೂದಲು ಒಳ್ಳೆಯದು, ಗುಂಗುರು ಕೂದಲು ಕೆಟ್ಟದ್ದು ಎಂಬ ಭಾವನೆ ಬೇರೂರಿತು. ಇದನ್ನು ಬಿಟ್ಟು ಕೂದಲಿನ ಹಾನಿಯನ್ನು ಅರ್ಥಮಾಡಿಕೊಳ್ಳಲಾಗದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆನಿ ಟರ್ನ್‌ಬೊ ಮಲೋನ್ ಮತ್ತು ಮೇಡಂ ಸಿ. ಜೆ. ವಾಕರ್ (1867–1919) ಕಪ್ಪು ಮಹಿಳೆಯರ ನೆತ್ತಿ ಮತ್ತು ಕೂದಲಿಗಾಗಿ ಸಾಮಗ್ರಿ ತಯಾರಿಸಿ ದೊಡ್ಡ ಉದ್ಯಮ ಕಟ್ಟಿದರು. ವಾಕರ್ ಈ ದಾರಿಗೆ ಬಂದದ್ದು ತನ್ನದೇ ನೆತ್ತಿಯ ರೋಗದಿಂದ ಕೂದಲು ಕಳೆದುಕೊಂಡ ಮೇಲೆ. 1950ರ ದಶಕದಿಂದ ರಿಲ್ಯಾಕ್ಸರ್‌ಗಳು ಮಾರುಕಟ್ಟೆಯಲ್ಲಿ ಹಬ್ಬಿದವು. 1960ರ ದಶಕದಲ್ಲಿ ಪೌರಹಕ್ಕಿನ ಹೋರಾಟದ ಜೊತೆಗೆ, ಗುಂಗುರು ಕೂದಲನ್ನು ಸಹಜವಾಗಿ ದುಂಡಗೆ ಬಿಡುವ ಆಫ್ರೊ ಶೈಲಿ ಸ್ವಾಭಿಮಾನದ ಚಿಹ್ನೆಯಾಯಿತಾದರೂ ಮುಂದಿನ ತಲೆಮಾರಿನ ಅನೇಕ ಹುಡುಗಿಯರು ಪ್ರಾಥಮಿಕ ಶಾಲೆಯಲ್ಲಿರುವಾಗಲೇ ರಿಲ್ಯಾಕ್ಸರ್ ಕಂಡರು. 2000ದ ನಂತರ ಸಹಜ ಕೂದಲಿಗೆ ಮರಳುವ ಒಲವು ಮತ್ತೆ ಬಲವಾಯಿತು.

ಮಕ್ಕಳ ಮನಸ್ಸಿಗೆ ನೇರವಾಗಿ ಮಾತಾಡುವ ಕೃತಿಗಳೂ ಬಂದವು. ಚಿಂತಕಿ ಬೆಲ್ ಹುಕ್ಸ್ 1999ರಲ್ಲಿ ಗುಂಗುರು ಕೂದಲಿನ ಸಂತೋಷದ ಕುರಿತು ಚಿತ್ರಪುಸ್ತಕ ಬರೆದರು. ತಂದೆಯೊಬ್ಬ ಮಗಳ ಕೂದಲನ್ನು ಓರಣಗೊಳಿಸಲು ಕಲಿಯುವ ‘ಹೇರ್ ಲವ್’ ಎಂಬ ಪುಟ್ಟ ಚಿತ್ರಕ್ಕೆ 2020ರಲ್ಲಿ ಆಸ್ಕರ್ ಬಂತು. ಶಾಲೆ ಮತ್ತು ಕೆಲಸದ ಸ್ಥಳಗಳಲ್ಲಿ ಸಹಜ ಕೂದಲಿನ ಕಾರಣಕ್ಕೆ ತಾರತಮ್ಯ ಮಾಡಬಾರದೆಂಬ ಕ್ರೌನ್ ಕಾಯಿದೆಯನ್ನು 2019ರಲ್ಲಿ ಮೊದಲು ಅಂಗೀಕರಿಸಿದ್ದು ಕ್ಯಾಲಿಫೋರ್ನಿಯ. ಆಮೇಲೆ ಅನೇಕ ರಾಜ್ಯಗಳು ಅದನ್ನೇ ಅನುಸರಿಸಿದವು. 2016ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ ಬಾಲಕಿಯರ ಪ್ರೌಢಶಾಲೆಯ ವಿದ್ಯಾರ್ಥಿನಿಯರು ಶಾಲೆಯ ಕೂದಲಿನ ನಿಯಮದ ವಿರುದ್ಧ ತಾವೇ ಪ್ರತಿಭಟಿಸಿದ್ದರು.

ರೋಗವಿದ್ದರೆ ಮೊದಲು ಚಿಕಿತ್ಸೆ

ಎಲ್ಲ ಹಾನಿಯೂ ಬಾಚಣಿಗೆಯದಲ್ಲ. ತಲೆಯ ಹುಳುಕಡ್ಡಿ ಶಿಲೀಂಧ್ರದ ಸೋಂಕು. ಅಮೆರಿಕದ ಕಪ್ಪು ಮಕ್ಕಳಲ್ಲಿ ಇದು ಹೆಚ್ಚು, ಮುಖ್ಯ ಕಾರಣ ಟ್ರೈಕೊಫೈಟಾನ್ ಟಾನ್ಸುರನ್ಸ್ ಎಂಬ ಶಿಲೀಂಧ್ರ. ಕೂದಲು ನೆತ್ತಿಯ ಮಟ್ಟಕ್ಕೇ ಮುರಿದು ಕಪ್ಪು ಚುಕ್ಕೆಗಳಂತೆ ಉಳಿಯುತ್ತದೆ, ಸುತ್ತ ಹೊಟ್ಟು ಏಳುತ್ತದೆ, ಕುತ್ತಿಗೆಯ ಹಿಂಭಾಗದಲ್ಲಿ ಗಡ್ಡೆಗಳು ಸಿಗಬಹುದು. ಹೊಟ್ಟೆಂದು ಭಾವಿಸಿ ಎಣ್ಣೆ ತಿಕ್ಕುತ್ತ ಕೂತರೆ ವಾಸಿಯಾಗದು. ಮೇಲೆ ಹಚ್ಚುವ ಮುಲಾಮು ಬೇರಿನವರೆಗೆ ಇಳಿಯುವುದಿಲ್ಲ; ವೈದ್ಯರು ಹಲವು ವಾರ ನುಂಗುವ ಔಷಧಿ ಕೊಡಬೇಕಾಗುತ್ತದೆ. ಬಾಚಣಿಗೆ, ಟೋಪಿ, ದಿಂಬು ಹಂಚಿಕೊಳ್ಳುವುದರಿಂದ ಇದು ಮನೆಮಂದಿಗೂ ಹರಡುತ್ತದೆ. ನುಣ್ಣಗೆ ದುಂಡಗೆ ಬೋಳಾಗುವುದು, ಮಗು ತಾನೇ ಕೂದಲು ಕಿತ್ತುಕೊಳ್ಳುವುದು, ರಕ್ತಹೀನತೆ ಅಥವಾ ಥೈರಾಯ್ಡ್ ತೊಂದರೆಯಿಂದ ತಲೆಯೆಲ್ಲ ತೆಳುವಾಗುವುದು ಇವೂ ವೈದ್ಯರಿಗೇ ಬಿಟ್ಟ ವಿಷಯ.

ಆರೈಕೆಯ ಕ್ರಮ

ಮೊದಲ ಕೆಲಸ ಹಾನಿಯ ಮೂಲವನ್ನು ನಿಲ್ಲಿಸುವುದು. ರಿಲ್ಯಾಕ್ಸರ್ ಹಚ್ಚಿದ ಕೂದಲಾದರೆ ಎರಡು ದಾರಿ: ಒಂದೇ ಸಲ ಸಹಜ ಭಾಗದವರೆಗೆ ಗಿಡ್ಡಗೆ ಕತ್ತರಿಸುವುದು, ಇಲ್ಲವೇ ಬುಡದಿಂದ ಹೊಸ ಕೂದಲು ಬಂದಂತೆ ತುದಿಯನ್ನು ಅಷ್ಟಷ್ಟೇ ಕತ್ತರಿಸುತ್ತ ಹೋಗುವುದು. ಎರಡನೆಯದರಲ್ಲಿ ಗುಂಗುರು ಭಾಗವೂ ನೆಟ್ಟಗಿನ ಭಾಗವೂ ಕೂಡುವ ಗೆರೆಯೇ ಎಲ್ಲಕ್ಕಿಂತ ದುರ್ಬಲ. ಯಾವುದನ್ನು ಆರಿಸಿಕೊಳ್ಳಬೇಕೆಂದು ಮಗುವನ್ನೂ ಕೇಳಬೇಕು. ಹೇಳದೆ ಕೇಳದೆ ಕತ್ತರಿ ಹಾಕಿದರೆ ಕೆಲವು ಮಕ್ಕಳು ಅದನ್ನು ಶಿಕ್ಷೆಯೆಂದೇ ಭಾವಿಸುತ್ತಾರೆ.

ಅಮೆರಿಕದ ಚರ್ಮತಜ್ಞರ ಅಕಾಡೆಮಿ ಇಂಥ ಕೂದಲನ್ನು ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ತೊಳೆದರೆ ಸಾಕೆನ್ನುತ್ತದೆ. ಶಾಂಪೂವನ್ನು ನೆತ್ತಿಗೆ ಮಾತ್ರ ಬೆರಳತುದಿಯಿಂದ ಹಚ್ಚಬೇಕು. ಕೂದಲನ್ನು ಗುಡ್ಡೆಮಾಡಿ ತಿಕ್ಕಿದರೆ ಸಿಕ್ಕಾಗುತ್ತದೆ. ನಾಲ್ಕೈದು ಭಾಗ ಮಾಡಿ ಒಂದೊಂದನ್ನೂ ಸಡಿಲವಾಗಿ ಹೊಸೆದು ಕಟ್ಟಿಕೊಂಡೇ ತೊಳೆಯುವುದು ಒಳ್ಳೆಯ ಉಪಾಯ. ಪ್ರತಿ ಸಲವೂ ಕಂಡೀಷನರ್ ಹಚ್ಚಬೇಕು, ತುದಿಗೆ ಹೆಚ್ಚು.

ಸಿಕ್ಕು ಬಿಡಿಸುವುದು ಕಂಡೀಷನರ್ ತಲೆಯಲ್ಲಿರುವಾಗಲೇ. ಒಂದು ಭಾಗವನ್ನು ಬಿಚ್ಚಿ, ಬುಡಕ್ಕೆ ಎಳೆತ ತಟ್ಟದಂತೆ ನಡುವೆ ಒಂದು ಕೈಯಲ್ಲಿ ಹಿಡಿದು, ಮೊದಲು ಬೆರಳಿನಿಂದ ಗಂಟುಗಳನ್ನು ಬಿಡಿಸಿಕೊಳ್ಳಬೇಕು. ಆಮೇಲೆ ದೊಡ್ಡ ಹಲ್ಲಿನ ಬಾಚಣಿಗೆಯನ್ನು ತುದಿಯ ಎರಡು ಅಂಗುಲದಲ್ಲಿ ಆಡಿಸಿ, ಅದು ಸರಾಗವಾದ ಮೇಲೆ ಇನ್ನೆರಡು ಅಂಗುಲ ಮೇಲಕ್ಕೆ ಹೋಗಬೇಕು. ಹೀಗೆ ಬುಡ ಮುಟ್ಟುವುದು ಕೊನೆಗೆ. ಬಾಚಣಿಗೆ ತಡೆದ ಕಡೆ ಎಳೆಯದೆ ಇನ್ನಷ್ಟು ನೀರು, ಕಂಡೀಷನರ್ ಹಾಕಿ ಬೆರಳಿಗೆ ಮರಳಬೇಕು. ಬಿಡಿಸಿದ ಭಾಗವನ್ನು ಕೂಡಲೇ ಹೊಸೆದಿಟ್ಟು ಮುಂದಿನದಕ್ಕೆ ಹೋಗಬೇಕು. ದಟ್ಟ ಕೂದಲಿಗೆ ಒಂದು ಗಂಟೆ ಬೇಕಾದೀತು. ಮಗುವಿಗೆ ಕತೆಯೋ ಆಟಿಕೆಯೋ ಬೇಕು, ನಡುವೆ ವಿರಾಮವೂ ಬೇಕು. ನೋವೆಂದಾಗ ನಿಲ್ಲಿಸಬೇಕು. ಅಳುವ ಮಗುವಿನ ತಲೆಯನ್ನು ಗಟ್ಟಿಯಾಗಿ ಹಿಡಿದು ಬಾಚಿದರೆ ಕೂದಲೂ ಹೋಗುತ್ತದೆ, ತನ್ನ ಕೂದಲಿನ ಮೇಲಿನ ಪ್ರೀತಿಯೂ ಹೋಗುತ್ತದೆ.

ತೊಳೆದ ಕೂದಲನ್ನು ಹಳೆಯ ಹತ್ತಿ ಅಂಗಿಯಿಂದ ಒತ್ತಿ ನೀರು ಹೀರಿಸಿ, ತೇವ ಇರುವಾಗಲೇ ತೊಳೆಯದೆ ಬಿಡುವ ಬಗೆಯ ಕಂಡೀಷನರ್ ಅಥವಾ ಕ್ರೀಮ್ ಹಚ್ಚಿ, ಮೇಲೆ ತುಸು ಎಣ್ಣೆ ಸವರುತ್ತಾರೆ. ಎಣ್ಣೆ ತಾನಾಗಿ ತೇವ ಕೊಡುವುದಿಲ್ಲ, ಇರುವ ತೇವವನ್ನು ಹಿಡಿದಿಡುತ್ತದೆ. ಒಣ ಕೂದಲಿಗೆ ಬರೀ ಎಣ್ಣೆ ಹಚ್ಚುವುದರಿಂದ ಪ್ರಯೋಜನ ಕಡಿಮೆ. ಪಶ್ಚಿಮ ಆಫ್ರಿಕದಲ್ಲಿ ಶಿಯಾ ಬೆಣ್ಣೆ, ಜಮೈಕದಲ್ಲಿ ಹುರಿದು ತೆಗೆದ ಹರಳೆಣ್ಣೆ ಹೆಸರುವಾಸಿ. ಕೊಬ್ಬರಿ ಎಣ್ಣೆಯ ಕುರಿತು ನಮ್ಮ ದೇಶದಲ್ಲೇ ನಡೆದ ಒಳ್ಳೆಯ ಅಧ್ಯಯನವಿದೆ. ಆರತಿ ರೆಲೆ ಮತ್ತು ಆರ್. ಬಿ. ಮೊಹಿಲೆ 2003ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ತೊಳೆಯುವ ಮುಂಚೆ ಹಚ್ಚಿದ ಕೊಬ್ಬರಿ ಎಣ್ಣೆ ಕೂದಲಿನಿಂದ ಪ್ರೋಟೀನ್ ನಷ್ಟವಾಗುವುದನ್ನು ಕಡಿಮೆ ಮಾಡಿತು; ಖನಿಜ ಎಣ್ಣೆಗೂ ಸೂರ್ಯಕಾಂತಿ ಎಣ್ಣೆಗೂ ಆ ಗುಣ ಕಾಣಲಿಲ್ಲ. ಕೊಬ್ಬರಿ ಎಣ್ಣೆಯ ಲಾರಿಕ್ ಆಮ್ಲ ಎಳೆಯ ಒಳಕ್ಕೆ ಇಳಿಯುವುದೇ ಇದಕ್ಕೆ ಕಾರಣವೆಂದು ಅವರು ವಿವರಿಸಿದರು. ತಲೆಗೆ ಎಣ್ಣೆಯಿಟ್ಟು ಮೀಯುವ ನಮ್ಮ ಪದ್ಧತಿ ಇಲ್ಲಿ ಸರಿಯಾಗಿಯೇ ಹೊಂದುತ್ತದೆ.

ಪ್ರೋಟೀನ್ ಲೇಪಗಳು ತೀರ ಮೆತುವಾಗಿ ರಬ್ಬರಿನಂತೆ ಹಿಗ್ಗುವ ಕೂದಲಿಗೆ ಅಪರೂಪಕ್ಕೊಮ್ಮೆ ಒದಗುತ್ತವೆ. ಹೆಚ್ಚಾದರೆ ಕೂದಲು ಗಡುಸಾಗಿ ಇನ್ನಷ್ಟು ಮುರಿಯುತ್ತದೆ. ಹಸಿ ಮೊಟ್ಟೆಯ ಪ್ರೋಟೀನ್ ಕಣ ಎಳೆಯೊಳಗೆ ಇಳಿಯಲಾರದಷ್ಟು ದೊಡ್ಡದು, ಅದರಿಂದ ದುರಸ್ತಿಯಾಗದು.

ಸಡಿಲವಾದ ದಪ್ಪ ಜಡೆಗಳು, ಎರಡೆಳೆಯ ಹೊಸೆತಗಳು ತುದಿಯನ್ನು ಉಜ್ಜಾಟದಿಂದ ಕಾಪಾಡುತ್ತವೆ. ಒಂದೆರಡು ವಾರಕ್ಕೆ ಬಿಚ್ಚಿ, ಬೈತಲೆಯ ಜಾಗ ಬದಲಿಸಿ, ನಡುವೆ ಕೆಲವು ದಿನ ಹಾಗೇ ಬಿಡಬೇಕು. ಹಣೆಯಂಚಿನ ಸಣ್ಣ ಮುಂಗುರುಳನ್ನು ಜಡೆಗೆ ಸೇರಿಸಲೇಬಾರದು. ಬರಿಯ ರಬ್ಬರ್ ಬ್ಯಾಂಡ್ ಎಳೆಗಳನ್ನು ಕುಯ್ಯುತ್ತದೆ, ಬಟ್ಟೆ ಸುತ್ತಿದ್ದು ವಾಸಿ. ರಾತ್ರಿ ಸ್ಯಾಟಿನ್ ಟೋಪಿ ಅಥವಾ ದಿಂಬಿನ ಹೊದಿಕೆ ಉಪಯುಕ್ತ. ಎಳೆಯ ಶಿಶುವಿಗೆ ಮಾತ್ರ ಮಲಗುವಾಗ ಟೋಪಿ ತೊಡಿಸುವುದು ಸುರಕ್ಷಿತವಲ್ಲ. ಈಜುವ ಮುನ್ನ ಕೂದಲನ್ನು ಶುದ್ಧ ನೀರಿನಲ್ಲಿ ತೊಯಿಸಿದರೆ ಅದು ಕ್ಲೋರಿನ್ ನೀರನ್ನು ಅಷ್ಟಾಗಿ ಹೀರುವುದಿಲ್ಲ.

ವರ್ಷಕ್ಕೆ ಹತ್ತು ಸೆಂ.ಮೀ. ಆಸುಪಾಸಿನ ಬೆಳವಣಿಗೆಯಲ್ಲಿ ತುದಿ ಕತ್ತರಿಸುವುದನ್ನು ಕಳೆದರೆ, ಗಿಡ್ಡಗೆ ಕತ್ತರಿಸಿದ ಕೂದಲು ಎಳೆದಾಗ ಭುಜ ಮುಟ್ಟಲು ಎರಡು ವರ್ಷಕ್ಕೂ ಮಿಕ್ಕಿ ಬೇಕು. ಮೊದಲ ಕೆಲವು ತಿಂಗಳಲ್ಲಿ ಉದ್ದದ ಬದಲು ದಿಂಬಿನ ಮೇಲಿನ ಚೂರುಗಳು ಕಡಿಮೆಯಾಗಿವೆಯೇ ಎಂದು ನೋಡುವುದು ಸರಿಯಾದ ಅಳತೆ.

ಕರ್ನಾಟಕದಲ್ಲಿ

ಸಿದ್ದಿಗಳು ಪೋರ್ಚುಗೀಸರ ಕಾಲದಲ್ಲಿ ಗೋವಾ ಮಾರ್ಗವಾಗಿ ಗುಲಾಮರಾಗಿ ಬಂದ ಪೂರ್ವ ಆಫ್ರಿಕದ ಜನರ ವಂಶಸ್ಥರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲ ತಾಲ್ಲೂಕುಗಳಲ್ಲಿ ಹೆಚ್ಚಾಗಿದ್ದಾರೆ. ಅವರ ಅನೇಕ ಮಕ್ಕಳದ್ದು ಗುಂಗುರು ಕೂದಲಾದರೂ, ಕನ್ನಡದಲ್ಲಿ ಕೂದಲ ಆರೈಕೆಯ ಬಗ್ಗೆ ಬರುವ ಬರಹ, ಜಾಹೀರಾತುಗಳು ಹೆಚ್ಚಾಗಿ ನೀಳ ನೆಟ್ಟಗಿನ ಕೂದಲನ್ನೇ ಎದುರಿಗಿಟ್ಟುಕೊಂಡವು. ಹುಡುಗಿಯರು ಎಣ್ಣೆ ಹಾಕಿ ಬಾಚಿ, ರಿಬ್ಬನ್ ಕಟ್ಟಿದ ಎರಡು ಜಡೆಯಲ್ಲಿ ಬರಬೇಕೆಂಬ ನಮ್ಮ ಶಾಲೆಗಳ ರೂಢಿಯೂ ಅಂಥ ಕೂದಲಿಗೆ ಹೊಲಿದದ್ದು. ಗುಂಗುರು ಕೂದಲಿನ ಮಗುವಿಗೆ ಅದೇ ಶಿಸ್ತನ್ನು ಹೇರಿದರೆ ದಿನವೂ ಒಣ ಕೂದಲನ್ನು ಎಳೆದು ಬಿಗಿಯಬೇಕಾಗುತ್ತದೆ. ಸಿದ್ದಿ ಮಕ್ಕಳು ಓದುವ ಶಾಲೆ, ಹಾಸ್ಟೆಲುಗಳ ಶಿಕ್ಷಕರು ಮತ್ತು ಮೇಲ್ವಿಚಾರಕರು ಈ ನಿಯಮವನ್ನು ಅವರ ಮಟ್ಟಿಗೆ ಸಡಿಲಿಸಬೇಕು, ಪ್ರತಿ ಮಗುವಿಗೂ ತನ್ನದೇ ಒಂದು ದೊಡ್ಡ ಹಲ್ಲಿನ ಬಾಚಣಿಗೆ ಕೊಡಿಸಬೇಕು, ವಾರಕ್ಕೊಮ್ಮೆ ಸಾವಕಾಶವಾಗಿ ತಲೆ ತೊಳೆದು ಸಿಕ್ಕು ಬಿಡಿಸಿಕೊಳ್ಳಲು ಸಮಯ ಕೊಡಬೇಕು.